ಎರಡು ಕೂಗು

ಹೊಳೆಸಾಲು ಉಪ್ಪಿನಕಾಯಿ ಕಂಪನಿಗೆ ಮೂರು ಊರಲ್ಲಿ ಮೂರು ಘಟಕ, ಮೂರು ಘಟಕಕ್ಕೆ ಮೂರು ಫೈಲು. ಕೇಳಿದವರಿಗೆಲ್ಲ ಕಂಪನಿಯವರು ‘ಇದು ನಮ್ಮ ವ್ಯವಸ್ಥೆ’ ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ ಒಂದೊಂದು ಫೈಲೂ ಒಂದೊಂದು ಪೆಟ್ಟು ತಿಂದ ಮೇಲೆ ಹುಟ್ಟಿದ್ದು. ಸಾಗರದ ಪ್ಯಾಕಿಂಗ್ ಘಟಕದ ನೀಲಿ ಫೈಲು ಗುಣಮಟ್ಟದ್ದು. ದುಬೈಗೆ ಹೋದ ಒಂದು ಲೋಡು ಬಾಟಲಿ ಬೂಷ್ಟು ಹಿಡಿದು ವಾಪಸು ಬಂದ ವರ್ಷ ಅದು ಶುರುವಾಯಿತು. ತೀರ್ಥಹಳ್ಳಿಯ ಮಸಾಲೆ ಘಟಕದ ಕೆಂಪು ಫೈಲು ಸುರಕ್ಷತೆಯದು. ಖಾರ ಬೀಸುವ ಯಂತ್ರ ಅಲ್ಲಿನ ಕೆಲಸಗಾರ್ತಿ ದುಗ್ಗಮ್ಮನ ಎಡಗೈಯ ಎರಡು ಬೆರಳು ತೆಗೆದುಕೊಂಡ ಮೇಲೆ ಬಂತು. ಇನ್ನು ರಿಪ್ಪನ್‌ಪೇಟೆಯಲ್ಲಿ ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕುವ ಘಟಕದ ಹಸಿರು ಫೈಲು ಪರಿಸರದ್ದು. ಅದು ಹುಟ್ಟಿದ್ದು, ಈಗ ಅದನ್ನು ನೋಡಿಕೊಳ್ಳುವ ಪ್ರತಿಮಾಳ ಅಪ್ಪ ಶಿವರಾಮನ ಗದ್ದೆಯಲ್ಲಿ.

ನಾಲ್ಕು ವರ್ಷದ ಹಿಂದಿನ ಮಾತು. ಮಿಡಿ ತೆಗೆದ ಮೇಲೆ ಉಳಿದ ಹಳೇ ಉಪ್ಪುನೀರನ್ನು ಹಿಂದಿನ ಹೊಂಡಕ್ಕೆ ಸಾಗಿಸುವ ಪೈಪು ಒಂದು ಬೆಳಗ್ಗೆ ಕಳಚಿಕೊಂಡಿತು. ಘಟಕ ಇರುವುದು ದಿಬ್ಬದ ಮೇಲೆ, ಶಿವರಾಮನ ಗದ್ದೆ ಕೆಳಗೆ. ನೀರು ಇಳಿಯುವುದನ್ನು ಅಲ್ಲಿ ಕೆಲಸ ಮಾಡುವ ಗಂಗಾ ಕಣ್ಣಾರೆ ಕಂಡಳು. ಆದರೆ ಪಂಪು ನಿಲ್ಲಿಸುವ ಅಧಿಕಾರ ಘಟಕದ ಮುಖ್ಯಸ್ಥ ಉಮೇಶನಿಗೆ ಮಾತ್ರ, ಉಮೇಶ ಶಿವಮೊಗ್ಗಕ್ಕೆ ಹೋಗಿದ್ದ. ಹೇಳಿಕೊಟ್ಟಿದ್ದ ಹಾಗೆ ಗಂಗಾ ದೂರಿನ ಪುಸ್ತಕದಲ್ಲಿ ಬರೆಸಿ, ತನ್ನ ಕೆಲಸಕ್ಕೆ ಹೋದಳು. ಸಂಜೆ ಉಮೇಶ ಬಂದು ಪುಸ್ತಕ ಓದುವ ಹೊತ್ತಿಗೆ ಗದ್ದೆ ಹೊಟ್ಟೆ ತುಂಬ ಕುಡಿದಾಗಿತ್ತು. ತೆನೆ ಹೊರಡುವ ಸಮಯ ಬೇರೆ.

ಮಾರನೇ ದಿನ ಪ್ರತಿಮಾಳ ಅಜ್ಜಿ ಕೆರಿಯಮ್ಮ ಗದ್ದೆಗಿಳಿದಳು. ಗೇಣಿದಾರರ ಅರ್ಜಿ ಹಾಕಿ, ಕಚೇರಿ ಮೆಟ್ಟಿಲು ಹತ್ತಿ ಇಳಿದು ಅದನ್ನು ತಮ್ಮದು ಅನ್ನಿಸಿಕೊಂಡವಳು ಅವಳು. ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಇಟ್ಟು, ಥೂ ಎಂದು ಉಗಿದು ಹೇಳಿದಳು: “ನಮ್ಮ ಗದ್ದೀನೇ ಉಪ್ಪಿನಕಾಯಿ ಹಾಕಿಟ್ರಲ್ಲೇ.”

ಕಂಪನಿ ಪರಿಹಾರ ಕೊಟ್ಟಿತು. ಜೊತೆಗೆ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ಪ್ರತಿಮಾಳಿಗೆ ಹಸಿರು ಫೈಲು ನೋಡಿಕೊಳ್ಳುವ ಕೆಲಸವನ್ನೂ ಕೊಟ್ಟಿತು. ಬಾಯಿ ಮುಚ್ಚಿಸಲಿಕ್ಕೆ ಕೊಟ್ಟ ಕೆಲಸ ಎಂದು ಊರೆಲ್ಲ ಆಡಿಕೊಂಡಿತು. ಪ್ರತಿಮಾಳಿಗೂ ಅದು ಗೊತ್ತಿತ್ತು. ಕೆಲಸ ತೆಗೆದುಕೊಂಡಳು, ಬಾಯಿ ಮಾತ್ರ ಮುಚ್ಚಲಿಲ್ಲ.

ಈ ಸಲದ ಆಗಸ್ಟ್‌ನಲ್ಲಿ ಮಾಲೀಕ ಪೂರ್ಣೇಶ್ ಅವಳನ್ನು ಸಾಗರದ ಆಫೀಸಿಗೆ ಕರೆಸಿದ. ಅಪ್ಪ ಮಂಜಯ್ಯ ತೀರ್ಥಹಳ್ಳಿಯ ಮನೆ ಜಗಲಿಯಲ್ಲಿ ಹತ್ತು ಭರಣಿ ಇಟ್ಟು ಶುರುಮಾಡಿದ್ದನ್ನು ಇಷ್ಟು ದೊಡ್ಡದು ಮಾಡಿದವನು ಪೂರ್ಣೇಶ್. ಕೆಟ್ಟವನಲ್ಲ. ಅವಸರದ ಮನುಷ್ಯ, ಅಷ್ಟೇ. ಅವಸರದವರು ಮಾಡುವ ಕೇಡು ಕೆಟ್ಟವರು ಮಾಡುವ ಕೇಡಿಗಿಂತ ಕಡಿಮೆ ಇರುತ್ತದೆ ಎಂದೇನೂ ಅಲ್ಲ.

“ಮೂರು ಫೈಲು, ಮೂರು ಆಡಿಟ್ಟು, ಮೂರು ಸಲ ಊಟ ಹಾಕ್ಸಿ ಮೂರು ಸಲ ಬೈಸ್ಕೊಳ್ಳೋದು. ಸಾಕಾಗಿದೆ ನಂಗೆ,” ಎಂದ. “ಮೂರನ್ನೂ ಸೇರ್ಸಿ ಒಂದೇ ಪುಸ್ತಕ ಮಾಡ್ಬೇಕು. ಒಂದೇ ವ್ಯವಸ್ಥೆ, ಒಂದೇ ಆಡಿಟ್ಟು. ನವೆಂಬರಿಗೆ ಆಡಿಟರ್ ಬರ್ತಾರೆ. ಬರೆಯೋದು ನೀನು. ದಾರಿ ತೋರ್ಸೋಕೆ ಇವರಿದ್ದಾರೆ.”

‘ಇವರು’ ಎಂದರೆ ಶಿವಮೊಗ್ಗದ ಸಲಹೆಗಾರ ರಾಜೇಂದ್ರ. ಇಸ್ತ್ರಿ ಮುರಿಯದ ಅಂಗಿ, ಮುಚ್ಚದ ಲ್ಯಾಪ್‌ಟಾಪು. ಮಾತಿಗೆ ಮೂರು ಸಲ ‘ಇಂಟಿಗ್ರೇಟೆಡ್’ ಅನ್ನುತ್ತಿದ್ದ.

ಪ್ರತಿಮಾಳಿಗೆ ಒಳಗೊಳಗೇ ಖುಷಿಯಾಯಿತು. ಈ ಮೂರು ಫೈಲುಗಳ ಜಗಳ ನೋಡಿ ನೋಡಿ ಅವಳಿಗೂ ಸಾಕಾಗಿತ್ತು. ನೆಲವನ್ನು ಧಾರಾಳ ನೀರು ಹಾಕಿ ತೊಳೆಯಬೇಕು ಎನ್ನುತ್ತಿತ್ತು ನೀಲಿ. ನೀರು ಪೋಲು ಮಾಡಕೂಡದು ಎನ್ನುತ್ತಿತ್ತು ಹಸಿರು. ನೆಲ ಯಾವಾಗಲೂ ಒಣಗಿರಬೇಕು ಎನ್ನುತ್ತಿತ್ತು ಕೆಂಪು. ಮೂರನ್ನೂ ನಡೆಸಿಕೊಡಬೇಕೆಂದರೆ ನೆಲ ತೊಳೆಯುವವಳು ಗೋಡೆಯ ಮೇಲೆ ನಡೆಯಬೇಕಿತ್ತು. ಒಂದು ಚೀಲ ಖಾರದಪುಡಿ ಚೆಲ್ಲಿದರೆ ಒಬ್ಬಳೇ ಹೆಂಗಸು ಮೂರು ಫಾರಂಗೆ ಸಹಿ ಹಾಕುತ್ತಿದ್ದಳು. ಮಾಲು ಹಾಳಾಯಿತೆಂದು ಒಂದಕ್ಕೆ, ಗಾಳಿ ಕೆಟ್ಟಿತೆಂದು ಇನ್ನೊಂದಕ್ಕೆ, ತನ್ನ ಕಣ್ಣು ಉರಿಯಿತೆಂದು ಮತ್ತೊಂದಕ್ಕೆ. ಸಹಿ ಹಾಕುವ ಹೊತ್ತಿಗೆ ಕಣ್ಣು ಇನ್ನೂ ಉರಿಯುತ್ತಲೇ ಇರುತ್ತಿತ್ತು.

ಹಾಗಾಗಿ ಅವಳು ಹುರುಪಿನಿಂದಲೇ ಶುರುಮಾಡಿದಳು. ಎರಡು ತಿಂಗಳು ಸಾಗರ, ರಿಪ್ಪನ್‌ಪೇಟೆ, ತೀರ್ಥಹಳ್ಳಿ ಎಂದು ಬಸ್ಸು ಹತ್ತಿ ಇಳಿದಳು. ಬಸ್ಸಿನಲ್ಲಿ ತೊಡೆಯ ಮೇಲೆ ಮೂರು ಫೈಲು ಬಿಡಿಸಿಕೊಂಡು ಕೂತರೆ ಕಂಡಕ್ಟರ್ “ಕೋರ್ಟು ಕೇಸಾ ಅಕ್ಕಾ?” ಎಂದು ಕೇಳುತ್ತಿದ್ದ. ತರಬೇತಿಯ ಪಟ್ಟಿ ಮೂರಿದ್ದದ್ದು ಒಂದಾಯಿತು. ಮೀಟಿಂಗು ಮೂರಿದ್ದದ್ದು ಒಂದಾಯಿತು. ನೆಲ ತೊಳೆಯುವ ವಿಧಾನವೂ ಜಗಳ ಬಿಟ್ಟು ಒಂದು ಹಾಳೆಗೆ ಬಂತು. ಎಲ್ಲ ಸಲೀಸಾಗಿ ಹೋಗಿ ಮೂವತ್ತೆಂಟನೇ ಪುಟದಲ್ಲಿ ಸಿಕ್ಕಿಬಿತ್ತು. ಆ ಪುಟದ ತಲೆಬರಹ: ಕೆಲಸ ನಿಲ್ಲಿಸುವ ಅಧಿಕಾರ ಯಾರಿಗೆ?

ನೀಲಿ ಫೈಲಿನಲ್ಲಿ ‘ಗುಣಮಟ್ಟದ ಮ್ಯಾನೇಜರಿಗೆ’ ಎಂದಿತ್ತು. ಹಸಿರಿನಲ್ಲಿ ಅದೇ ಹಳೇ ಪಾಠ, ‘ಘಟಕದ ಮುಖ್ಯಸ್ಥರಿಗೆ’. ಅದನ್ನು ಬದಲಾಯಿಸಿ ಎಂದು ಪ್ರತಿಮಾ ನಾಲ್ಕು ವರ್ಷದಿಂದ ಬರೆಯುತ್ತಿದ್ದಳು, ನೋಡೋಣ ಎಂದು ಅವರು ನಾಲ್ಕು ವರ್ಷದಿಂದ ಹೇಳುತ್ತಿದ್ದರು. ಕೆಂಪು ಫೈಲು ಮಾತ್ರ ಬೇರೆ. ಅದರಲ್ಲಿ ಯಾರೋ ಬಾಯಲ್ಲಿ ಹೇಳಿದ್ದನ್ನು ಹಾಗೇ ಬರೆದಿಟ್ಟಂತಿತ್ತು: ‘ಏನೋ ಸರಿ ಇಲ್ಲ ಎಂದು ಕಂಡವರು ಕೂ ಹಾಕುವುದು. ಕೇಳಿದವರು ಕೈಯಲ್ಲಿದ್ದುದನ್ನು ಬಿಟ್ಟು ಓಗೊಡುವುದು. ಯಂತ್ರದ ಹತ್ತಿರ ಇದ್ದವರು ಸ್ವಿಚ್ಚು ತೆಗೆಯುವುದು. ಕೂ ಹಾಕಿದವರನ್ನು ಯಾರೂ ಬೈಯಕೂಡದು.’

ಬರೆಸಿದವಳು ದುಗ್ಗಮ್ಮ. ಐವತ್ತು ದಾಟಿದ ಹೆಂಗಸು, ಪೂರ್ಣೇಶನಿಗೆ ದೂರದ ಸಂಬಂಧದಲ್ಲಿ ಚಿಕ್ಕಮ್ಮನೂ ಹೌದು. ಮಸಾಲೆ ಘಟಕದ ಹಿಂದೆ ಮೆಣಸಿನ ಚೀಲದ ಮೇಲೆ ಕೂತು ಪ್ರತಿಮಾಳಿಗೆ ಮೂರು ಬೆರಳಿನ ಕೈಯಲ್ಲೇ ಎಲೆ ಅಡಿಕೆ ಮಡಚಿಕೊಟ್ಟಳು.

“ಅವತ್ತು ನನ್ನ ಸೀರೆ ಸೆರಗು ಮಿಷನ್ನಿಗೆ ಸಿಕ್ಕಿದ್ದು ಪಕ್ಕದಲ್ಲಿ ಇದ್ದೋಳಿಗೆ ಕಂಡಿತ್ತು ಮಾರಾಯ್ತಿ,” ಎಂದಳು. “ಪಾಪ, ಅವ್ಳು ಎಂತ ಮಾಡ್ತಾಳೆ? ಸೂಪರ್‌ವೈಸರ್‌ನ ಹುಡುಕಕ್ಕೆ ಓಡಿದ್ಲು. ನಿಲ್ಸಾ ಅಧಿಕಾರ ಅವ್ನಿಗಲ್ದಾ. ಅವ್ನು ಬರಾ ಹೊತ್ತಿಗೆ ನನ್ನ ಬೆರಳು ಖಾರದಪುಡಿ ಸಂಗಡ ಹೋಗಿತ್ತು.”

“ಕೂ ಹಾಕೋದು ಹೆಂಗೆ ಹೊಳೀತು ದುಗ್ಗಮ್ಮಕ್ಕ?”

“ಹೊಳಿಯಾದು ಎಂತ ಬಂತು? ಗುಡ್ಡದ ಮೇಲೆ ದನ ಕಳ್ಕಂಡ್ರೆ ಎಂತ ಮಾಡ್ತೀಯ? ಕಾಡಲ್ಲಿ ದಾರಿ ತಪ್ಪಿದ್ರೆ? ಕೂ ಹಾಕ್ತೀಯ. ಕೇಳ್ದೋರು ಯಾರೇ ಆಗ್ಲಿ, ಓಗೊಡ್ಲೇಬೇಕು. ಅಧಿಕಾರ ಗಿಧಿಕಾರ ಅಂತ ಅಲ್ಲಿ ಯಾರಾದ್ರೂ ಕೇಳ್ತಾರನಾ?”

ಪ್ರತಿಮಾ ಬಸ್ಸಿನಲ್ಲಿ ವಾಪಸು ಬರುವಾಗಲೇ ಮೂವತ್ತೆಂಟನೇ ಪುಟ ಬರೆದು ಮುಗಿಸಿದಳು. ಬೂಷ್ಟು ಕಂಡವಳು, ಪೈಪು ಕಳಚಿದ್ದನ್ನು ಕಂಡವಳು, ಸೆರಗು ಸಿಕ್ಕಿದ್ದನ್ನು ಕಂಡವಳು, ಯಾರೇ ಇರಲಿ. ಕಂಡವರು ಕೂ ಹಾಕಿ ನಿಲ್ಲಿಸಬಹುದು. ಮೂರೂ ಊರಿಗೆ ಇದೊಂದೇ ನಿಯಮ. ಆ ಒಂದು ಸಾಲು ಅವತ್ತು ಇದ್ದಿದ್ದರೆ ಅವಳ ಅಪ್ಪನ ಗದ್ದೆ ಉಳಿಯುತ್ತಿತ್ತು. ಉಳಿದ ಎಪ್ಪತ್ತು ಪುಟವನ್ನು ಯಾರು ಹೇಗೆ ತಿದ್ದಿಕೊಂಡರೂ ಅವಳಿಗೆ ಬೇಜಾರಿರಲಿಲ್ಲ. ಈ ಸಾಲನ್ನು ಬಿಟ್ಟುಕೊಡುವುದಿಲ್ಲ ಎಂದು ಅವಳು ಅವತ್ತೇ ಗಟ್ಟಿಮಾಡಿಕೊಂಡಳು.

ರಾಜೇಂದ್ರ ಓದಿ ನಕ್ಕುಬಿಟ್ಟ. “ಕೂ ಅಂದ್ರೇನಮ್ಮ ಇದು? ಇಂಟಿಗ್ರೇಟೆಡ್ ಅಂದ್ರೆ ಅಧಿಕಾರ ಒಂದು ಕಡೆ ಬರ್ಬೇಕು. ನೀವು ತಗೊಂಡು ಹೋಗಿ ನೂರು ಜನಕ್ಕೆ ಹಂಚಿದೀರ.”

“ಒಂದು ಕಡೆ ಇದ್ದಾಗ ಏನಾಯ್ತು ಅನ್ನೋದು ನಮ್ಮ ಮನೇಲಿ ಗೊತ್ತು ಸರ್,” ಎಂದಳು ಪ್ರತಿಮಾ.

ಪೂರ್ಣೇಶ್‌ಗೆ ಆ ಮಾತು ತಾಗಿತು, ಹಿಡಿಸಲಿಲ್ಲ. “ಆಯ್ತು, ನೋಡೇಬಿಡೋಣ. ರಿಪ್ಪನ್‌ಪೇಟೇಲಿ ಒಂದು ಸಲ ಪರೀಕ್ಷೆ ಮಾಡಿ. ನಡೆದ್ರೆ ಇರ್ಲಿ, ಇಲ್ದಿದ್ರೆ ಇಲ್ಲ.”

ಪರೀಕ್ಷೆಯ ದಿನ ಕೂ ಹಾಕಲೆಂದೇ ತೀರ್ಥಹಳ್ಳಿಯಿಂದ ದುಗ್ಗಮ್ಮನನ್ನು ಕರೆಸಿದರು. ರಿಪ್ಪನ್‌ಪೇಟೆಯ ಶೆಡ್ಡಿನಲ್ಲಿ ಗಂಗಾಳೂ ಸೇರಿ ಇಪ್ಪತ್ತೆರಡು ಹೆಂಗಸರು ಉಪ್ಪು ಕುಡಿದ ಮಿಡಿ ಆರಿಸುತ್ತ ಕೂತಿದ್ದರು. ಪೂರ್ಣೇಶ್, ರಾಜೇಂದ್ರ, ಉಮೇಶ ಬಾಗಿಲಲ್ಲಿ ನಿಂತಿದ್ದರು. ದುಗ್ಗಮ್ಮ ಅಂಗಳದ ತುದಿಗೆ ಹೋಗಿ, ಸೊಂಟಕ್ಕೆ ಕೈಕೊಟ್ಟು, ಗುಡ್ಡಕ್ಕೆ ಬಡಿದು ವಾಪಸು ಬರುವ ಹಾಗೆ ಒಂದು ಕೂ ಹಾಕಿದಳು.

ಹೆಂಗಸರು ತಲೆ ಎತ್ತಿದರು. ಕೈ ನಿಂತವು. ಆದರೆ ಒಬ್ಬಳೂ ಓಗೊಡಲಿಲ್ಲ, ಒಬ್ಬಳೂ ಏಳಲಿಲ್ಲ. ಪಂಪಿನ ಹತ್ತಿರ ನಿಂತಿದ್ದ ಶಂಭು ಸ್ವಿಚ್ಚಿನ ಕಡೆ ನೋಡಿದ, ಮುಟ್ಟಲಿಲ್ಲ. ಎಣಿಸಿದರೆ ಅರ್ಧ ನಿಮಿಷ. ಪ್ರತಿಮಾಳಿಗೆ ಅದು ಅರ್ಧ ದಿನದ ಹಾಗೆ ಅನ್ನಿಸಿತು.

“ಮುಗೀತಲ್ಲ,” ಎಂದು ರಾಜೇಂದ್ರ ಲ್ಯಾಪ್‌ಟಾಪಿನಲ್ಲಿ ಏನೋ ಕುಟ್ಟಿದ. ಪೂರ್ಣೇಶ್ ಪ್ರತಿಮಾಳ ಮುಖ ಕೂಡ ನೋಡದೆ ಕಾರು ಹತ್ತಿದ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಊಟದ ಹೊತ್ತಿಗೆ ಬುತ್ತಿ ಬಿಚ್ಚಿದ ಹೆಂಗಸರ ನಡುವೆ ಹೋಗಿ ನಿಂತು, ಸಿಟ್ಟು ತಡೆಯಲಾರದೆ ಕೇಳಿದಳು: “ಯಾಕ್ರೇ ಹಿಂಗೆ ಮಾಡಿದ್ರಿ? ಬಾಯಿ ಬಿದ್ದುಹೋಗಿತ್ತಾ?”

ಗಂಗಾ ಅನ್ನ ಕಲಸುವ ಕೈ ನಿಲ್ಲಿಸಿ ಅವಳನ್ನು ವಿಚಿತ್ರವಾಗಿ ನೋಡಿದಳು. “ನೀ ಈ ಊರಲ್ಲೇ ಹುಟ್ಟಿದೋಳಲ್ವೇನೇ? ಒಂಟಿ ಕೂಗಿಗೆ ಯಾರಾದ್ರೂ ಓಗೊಡ್ತಾರಾ? ಕರೆದಿದ್ದು ಮನುಷ್ಯರೋ ಮತ್ತೊಂದೋ ಅಂತ ಗೊತ್ತಾಗೋದು ಹೆಂಗೆ? ಇನ್ನೊಂದು ಕೂಗ್ತಾಳೆ ಅಂತ ಕಾಯ್ತಾ ಇದ್ವಿ. ಅವಳು ಕೂಗ್ಲೇ ಇಲ್ಲ.”

ಪ್ರತಿಮಾ ಅಲ್ಲೇ ಕುಕ್ಕರಿಸಿದಳು. ಅವಳ ಅಜ್ಜಿಯೂ ಚಿಕ್ಕಂದಿನಲ್ಲಿ ಅದನ್ನೇ ಹೇಳಿದ್ದಳು. ಒಂದು ಕೂಗು ಯಾವುದರದಾದರೂ ಆಗಬಹುದು, ಮನುಷ್ಯರಾದರೆ ಎರಡು ಸಲ ಕರೆಯುತ್ತಾರೆ. ಕಾಲೇಜಿಗೆ ಹೋಗಿ ಬಂದು ಆ ಪಾಠ ಮರೆತವಳು ತಾನು, ಬೈದದ್ದು ಇವರಿಗೆ.

ದುಗ್ಗಮ್ಮ ಬಿದ್ದು ಬಿದ್ದು ನಕ್ಕಳು. “ನಮ್ಮ ಕಡೇಲೂ ಮನೇಲಿ ಹಂಗೇ ಹೇಳ್ತಾರೆ ಮಾರಾಯ್ತಿ. ಆದ್ರೆ ಆ ಮಿಷನ್ ಗಲಾಟೆ ಒಳಗೆ ಯಾವ ದೆವ್ವ ಬರಕ್ಕಾಗುತ್ತೆ ಅಂತ ನಾವು ಒಂದಕ್ಕೇ ಓಗೊಡಾದು. ಹೋಗ್ಲಿ ಬಿಡು, ಎಲ್ಲಾ ಕಡೆ ಎರಡೇ ಮಾಡು. ಎರಡನೇ ಕೂಗಿಗೆ ಉಸಿರು ಬಿಟ್ರೆ ಎಂತ ಖರ್ಚು?”

ಪ್ರತಿಮಾ ಪುಟ ತಿದ್ದಿದಳು: ಎರಡು ಕೂಗು. ಸಾಗರಕ್ಕೆ ಹೋಗಿ ಪೂರ್ಣೇಶನ ಮುಂದೆ ಇಟ್ಟಳು. ತಪ್ಪು ಹೆಂಗಸರದಲ್ಲ, ನಿಯಮ ಬರೆದ ತನ್ನದು ಎಂದು ವಿವರಿಸಿದಳು. ಅವನು ಓದಲಿಲ್ಲ. ರಾಜೇಂದ್ರ ಆಗಲೇ ಬರೆದು, ಬೈಂಡು ಹಾಕಿಸಿ ತಂದಿದ್ದ ಪುಸ್ತಕವನ್ನು ಪೂರ್ಣೇಶ್ ಅವಳ ಕಡೆ ತಳ್ಳಿದ. ಮೂವತ್ತೆಂಟನೇ ಪುಟದಲ್ಲಿ ಒಂದೇ ಸಾಲಿತ್ತು: ‘ಘಟಕದ ಮುಖ್ಯಸ್ಥರಿಗೆ ಮಾತ್ರ.’ ಕೊನೆಯ ಪುಟದಲ್ಲಿ ‘ಸಿದ್ಧಪಡಿಸಿದವರು’ ಎಂಬ ಜಾಗದಲ್ಲಿ ಅವಳ ಹೆಸರು, ಸಹಿಗೆ ಖಾಲಿ ಗೆರೆ.

“ಸಹಿ ಹಾಕು,” ಎಂದ ಪೂರ್ಣೇಶ್.

“ಹಾಕಲ್ಲ ಸರ್.”

“ಏನು?”

“ಇದನ್ನ ಸಿದ್ಧಪಡಿಸಿದ್ದು ನಾನಲ್ಲ. ನಾನು ಬರೆದಿದ್ದು ಇಲ್ಲಿದೆ,” ಎಂದು ತನ್ನ ಹಾಳೆ ತೋರಿಸಿದಳು.

ಪೂರ್ಣೇಶನ ಮುಖ ಕೆಂಪಾಯಿತು. “ನಿಂಗೆ ಈ ಕೆಲಸ ಕೊಟ್ಟಿದ್ದು ಯಾರು ಅಂತ ನೆನಪಿದೆಯಾ?”

“ಇದೆ ಸರ್. ನಮ್ಮ ಗದ್ದೆ.”

ಅವಳು ಎದ್ದು ಬಂದಳು. ಕೆಲಸ ಹೋಯಿತು ಎಂದೇ ತಿಳಿದಳು. ಆದರೆ ಆಡಿಟ್ಟಿಗೆ ಹನ್ನೊಂದು ದಿನ ಇತ್ತು, ಮೂರು ಫೈಲಿನ ಒಳಹೊರಗು ಗೊತ್ತಿದ್ದವಳು ಅವಳೊಬ್ಬಳೇ. ಅಷ್ಟು ದಿನ ಅವಳನ್ನು ಸಹಿಸಿಕೊಳ್ಳಬೇಕೆಂದು ಅವರು ತೀರ್ಮಾನಿಸಿದ್ದು ಅವಳಿಗೆ ಅರ್ಥವಾಯಿತು. ಆ ಹನ್ನೊಂದು ದಿನವನ್ನು ಅವಳು ಸುಮ್ಮನೆ ಕಳೆಯಲಿಲ್ಲ. ಮೂರೂ ಊರಿಗೆ ಹೋದಳು. ಸಾಗರದಲ್ಲಿ ಟೋಪಿ, ಮಾಸ್ಕು ಹಾಕಿಕೊಂಡು ಬಾಟಲಿ ತುಂಬುವ ಹುಡುಗಿಯರಿಗೂ, ತೀರ್ಥಹಳ್ಳಿಯ ಮೆಣಸಿನ ಘಾಟಿನಲ್ಲಿ ಕೆಮ್ಮುವವರಿಗೂ, ರಿಪ್ಪನ್‌ಪೇಟೆಯ ಇಪ್ಪತ್ತೆರಡು ಜನಕ್ಕೂ ಒಂದೇ ಮಾತು ಹೇಳಿದಳು: “ಪುಸ್ತಕದಲ್ಲಿ ಏನಾದ್ರೂ ಇರ್ಲಿ. ಸರಿ ಇಲ್ಲ ಅಂತ ಕಂಡೋರು ಎರಡು ಸಲ ಕೂಗಿ. ಯಾರಾದ್ರೂ ಬೈದ್ರೆ ಪ್ರತಿಮಾ ಹೇಳಿದಾಳೆ ಅನ್ನಿ.”

ಆಡಿಟರ್ ಬಂದದ್ದು ಹುಬ್ಬಳ್ಳಿ ಕಡೆಯಿಂದ. ಬಿಳಿ ಕೂದಲಿನ, ಕಡಿಮೆ ಮಾತಿನ ಹೆಂಗಸು. ಎರಡು ದಿನ ಸಾಗರ, ತೀರ್ಥಹಳ್ಳಿ ಮುಗಿಸಿ ಮೂರನೇ ದಿನ ರಿಪ್ಪನ್‌ಪೇಟೆಗೆ ಬಂದರು. ಅವರಿಗೆ ಅಂಗಳ ಚೊಕ್ಕಟ ಕಾಣಲಿ, ವಾಸನೆ ಹೊಡೆಯದಿರಲಿ ಎಂದು ಉಮೇಶ ಒಂದು ಬುದ್ಧಿವಂತಿಕೆ ಮಾಡಿದ್ದ. ಎರಡು ಟ್ಯಾಂಕಿನ ಹಳೇ ಉಪ್ಪುನೀರನ್ನು ಬೆಳಗ್ಗೆಯಿಂದ ಒಂದೇ ಪೈಪಿಗೆ ಒಟ್ಟಿಗೆ ಬಿಡಿಸಿದ್ದ. ಮೆಚ್ಚಿಸುವ ಭರದಲ್ಲಿ ಪೈಪು ಎಷ್ಟು ತಡೆದೀತು ಎಂದು ಯೋಚಿಸುವ ಪುರುಸೊತ್ತು ಅವನಿಗೆ ಇರಲಿಲ್ಲ.

ಆಫೀಸಿನ ಕೋಣೆಯಲ್ಲಿ ಆಡಿಟರ್ ಪುಸ್ತಕದ ಕೊನೆಯ ಪುಟದ ಮೇಲೆ ಬೆರಳಿಟ್ಟರು. “ಸಿದ್ಧಪಡಿಸಿದವರ ಸಹಿ ಇಲ್ಲಲ್ರಿ?”

“ಇವತ್ತು ಹಾಕ್ತಾಳೆ ಮೇಡಂ,” ಎಂದ ಪೂರ್ಣೇಶ್. ಉಮೇಶ ಎಳನೀರು ಹಿಡಿದು ನಿಂತಿದ್ದ. ರಾಜೇಂದ್ರ ಪ್ರತಿಮಾಳ ಮುಂದೆ ಪೆನ್ನು ಇಟ್ಟ. ಪ್ರತಿಮಾ ಪೆನ್ನನ್ನು ಮುಟ್ಟಲಿಲ್ಲ. ಹಾಕುವುದಿಲ್ಲ ಎನ್ನಲು ಬಾಯಿ ತೆರೆದಳು.

ಅಷ್ಟರಲ್ಲಿ ಹಿತ್ತಲ ಕಡೆಯಿಂದ ಒಂದು ಕೂ ಬಂತು. ಗಂಗಾಳ ದನಿ.

ಶೆಡ್ಡಿನಲ್ಲಿ ಗುಜುಗುಜು ನಿಂತಿತು. ಯಾರೂ ಓಗೊಡಲಿಲ್ಲ. ಪ್ರತಿಮಾ ಹಿತ್ತಲಿಗೆ ಕಿವಿಗೊಟ್ಟಳು. ಕೂಗೇ, ಇನ್ನೊಂದು ಸಲ ಕೂಗೇ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಎರಡನೇ ಕೂ ಬಂತು. ಮೊದಲನೆಯದಕ್ಕಿಂತ ಉದ್ದ.

ಇಡೀ ಶೆಡ್ಡು ಓಗೊಟ್ಟಿತು. ಹೆಂಗಸರೆಲ್ಲ ಒಂದೇ ಸಲ “ಕೂ” ಎಂದಾಗ ತಗಡಿನ ಮಾಡು ನಡುಗಿತು. ಕೋಣೆಯೊಳಗೆ ಕುರ್ಚಿಯೊಂದು ಹಿಂದಕ್ಕೆ ಬಿತ್ತು. ಪೂರ್ಣೇಶ್ ಎದ್ದು ನಿಂತಿದ್ದ. ಕಿಟಕಿಯ ಕಡೆ ತಿರುಗಿ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಹೊಟ್ಟೆಯಿಂದ “ಕೂ” ಎಂದು ಓಗೊಟ್ಟಿದ್ದ. ಆಮೇಲೆ ತಾನೇನು ಮಾಡಿದೆ ಎಂದು ಗೊತ್ತಾಗಿ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ.

ಎಲ್ಲರೂ ಹಿತ್ತಲಿಗೆ ಓಡಿದರು. ಪೈಪು ಕೂಡುವ ಜಾಗದಲ್ಲಿ ಬಾಯಿ ಬಿಟ್ಟಿತ್ತು. ಶಂಭು ಆಗಲೇ ಪಂಪು ನಿಲ್ಲಿಸಿದ್ದ. ನಾಲ್ಕೈದು ಹೆಂಗಸರು ಗೋಣಿಚೀಲ, ಮಣ್ಣು ತಂದು ಅಡ್ಡ ಹಾಕುತ್ತಿದ್ದರು. ಉಪ್ಪುನೀರು ದಿಬ್ಬದ ಅಂಚಿನ ಹುಲ್ಲು ತೋಯಿಸಿ ಅಲ್ಲೇ ನಿಂತಿತ್ತು. ಅಲ್ಲಿಂದ ಹತ್ತು ಮಾರು ಕೆಳಗೆ, ನಾಲ್ಕು ಮಳೆಗಾಲಕ್ಕೆ ಉಪ್ಪು ತೊಳೆದುಕೊಂಡ ಶಿವರಾಮನ ಗದ್ದೆಯಲ್ಲಿ ಭತ್ತ ತೆನೆ ಬಾಗಿಸಿ ನಿಂತಿತ್ತು.

“ನಿಲ್ಲಿಸಿದವರು ಯಾರು?” ಎಂದು ಆಡಿಟರ್ ಕೇಳಿದರು.

ಗಂಗಾ ಸೆರಗಿಗೆ ಕೈ ಒರೆಸಿಕೊಂಡಳು. “ಕೂಗಿದ್ದು ನಾನು. ಎರಡು ಸಲ.”

ಆಡಿಟರ್ ಕೈಯಲ್ಲಿದ್ದ ಪುಸ್ತಕದ ಮೂವತ್ತೆಂಟನೇ ಪುಟ ತೆಗೆದರು. “ಇದ್ರಾಗ ಮುಖ್ಯಸ್ಥರಿಗೆ ಮಾತ್ರ ಅಂತ ಐತಿ. ಮುಖ್ಯಸ್ಥರು ನನ್ನ ಮುಂದ ಎಳನೀರು ಹಿಡ್ಕೊಂಡು ನಿಂತಿದ್ರು. ಪುಸ್ತಕ ಒಂದು, ಕೆಲಸ ಒಂದು. ನಾ ಇದನ್ನ ಬರೀಲೇಬೇಕು.”

“ಮೇಡಂ, ಇದು ದೊಡ್ಡ ವಿಷ್ಯ ಅಲ್ಲ,” ಎಂದು ರಾಜೇಂದ್ರ ಮುಂದೆ ಬಂದ. “ಈ ಹೆಂಗಸಿಗೆ ವಾರ್ನಿಂಗ್ ಕೊಟ್ಟು ನಿಯಮ ಏನು ಅಂತ ಟ್ರೈನಿಂಗ್ ಮಾಡ್ತೀವಿ. ಇವತ್ತೇ ಮುಗಿಸ್ತೀವಿ.”

ಗಂಗಾಳ ಮುಖ ಸಣ್ಣದಾಯಿತು. ನಾಲ್ಕು ವರ್ಷದ ಹಿಂದೆ ನಿಯಮ ಪಾಲಿಸಿದ್ದಕ್ಕೆ ಊರವರಿಂದ ಬೈಸಿಕೊಂಡಿದ್ದಳು, ಇವತ್ತು ಪಾಲಿಸದ್ದಕ್ಕೆ ಇವನಿಂದ. ಅದನ್ನು ನೋಡಿ ಪ್ರತಿಮಾಳಿಗೆ ಮೈಯೆಲ್ಲ ಉರಿದುಹೋಯಿತು.

“ವಾರ್ನಿಂಗ್ ಬರೆಯೋದಾದ್ರೆ ಮೊದಲು ನನ್ನ ಹೆಸರು ಬರೀರಿ ಸರ್. ಕೂಗಿ ಅಂತ ಹೇಳಿಕೊಟ್ಟಿದ್ದು ನಾನು,” ಎಂದಳು. “ಆಮೇಲೆ ಗಂಗಾ. ಆಮೇಲೆ ಸ್ವಿಚ್ಚು ತೆಗೆದ ಶಂಭು. ಆಮೇಲೆ ಓಗೊಟ್ಟ ಅಷ್ಟೂ ಹೆಂಗಸರು, ಒಬ್ಬೊಬ್ಬರ ಹೆಸರೂ ನಾನೇ ಹೇಳ್ತೀನಿ, ಬರ್ಕೊಳ್ಳಿ. ಕೊನೇಲಿ ಪೂರ್ಣೇಶ್ ಸರ್ ಹೆಸರೂ ಬರೀರಿ. ಅವರೂ ಓಗೊಟ್ಟಿದಾರೆ.”

ಗೋಣಿ ಹೊತ್ತಿದ್ದವರು ಹೊತ್ತಲ್ಲೇ ನಿಂತರು. ಆಡಿಟರ್ ಪೂರ್ಣೇಶನ ಕಡೆ ತಿರುಗಿದರು. “ಹೌದೇನ್ರಿ?”

ಪೂರ್ಣೇಶ್ ತೋಯ್ದ ಹುಲ್ಲು ನೋಡಿದ, ಕೆಳಗಿನ ಗದ್ದೆ ನೋಡಿದ.

“ಹೌದು,” ಎಂದ.

“ಸರ್, ಹಂಗಲ್ಲ, ಟ್ರೈನಿಂಗ್...” ಎಂದು ರಾಜೇಂದ್ರ ಬಾಯಿ ಹಾಕಿದ.

“ನಂಗೆ ಎಂತ ಟ್ರೈನಿಂಗ್ ಕೊಡ್ತೀರಿ ನೀವು?” ಎಂದು ಪೂರ್ಣೇಶ್ ಗದರಿದ. ಆಫೀಸಿನ ಮಾತು ಬಿಟ್ಟು ಮನೆಯ ಮಾತು ಬಂದಿತ್ತು. ಆಡಿಟರ್ ಕೈಯಿಂದ ಪುಸ್ತಕ ಇಸಕೊಂಡು, ಮೂವತ್ತೆಂಟನೇ ಪುಟದ ಆ ಸಾಲಿನ ಮೇಲೆ ಗೆರೆ ಎಳೆದ. “ಹೇಳು ಪ್ರತಿಮಾ, ಎಂತ ಬರೀಬೇಕು?”

“ಕಂಡವರು ಯಾರಾದರೂ. ಎರಡು ಕೂಗು. ಕೂಗಿದವರನ್ನು ಯಾರೂ ಬೈಯಕೂಡದು.”

ಅವನು ನಿಂತಲ್ಲೇ ಬರೆದ. ಅಕ್ಷರ ಓರೆಯಾಗಿ ಬಂದವು. ಪಕ್ಕದಲ್ಲಿ ಸಹಿ ಹಾಕಿ, ಪೆನ್ನನ್ನು ಅವಳಿಗೆ ಕೊಟ್ಟ. ಪ್ರತಿಮಾ ಬರೆದದ್ದನ್ನು ಎರಡು ಸಲ ಓದಿದಳು. ಆಮೇಲೆ ಕೊನೆಯ ಪುಟ ತೆಗೆದು ತನ್ನ ಹೆಸರಿನ ಮುಂದೆ ಸಹಿ ಹಾಕಿದಳು.

ಆಡಿಟರ್ ಅಂತೂ ಪುಸ್ತಕಕ್ಕೂ ಕೆಲಸಕ್ಕೂ ಹೊಂದಿಕೆ ಇರಲಿಲ್ಲ ಎಂದು ವರದಿಯಲ್ಲಿ ಬರೆದೇ ಬರೆದರು. ಅದರ ಕೆಳಗೆ, ಅದೇ ದಿನ ಪುಸ್ತಕ ತಿದ್ದಿಕೊಂಡರು ಎಂದೂ ಬರೆದರು. ಸುದ್ದಿ ಕೇಳಿದ ದುಗ್ಗಮ್ಮ ಫೋನಿನಲ್ಲಿ, ಪೂರ್ಣೇಶನ ಕೂ ಹೆಂಗಿತ್ತು, ಅವನ ಅಪ್ಪನ ಹಾಗೆ ಗಟ್ಟಿ ಇತ್ತನಾ ಎಂದಷ್ಟೇ ವಿಚಾರಿಸಿದಳು.

ಪ್ರತಿಮಾ ಸಂಜೆ ಮನೆಗೆ ಬರುವ ಹೊತ್ತಿಗೆ ಸುದ್ದಿ ಅವಳಿಗಿಂತ ಮುಂಚೆ ಬಂದಿತ್ತು. ಅಜ್ಜಿ ಜಗಲಿಯಲ್ಲಿ ಇರಲಿಲ್ಲ. ಹುಡುಕಿಕೊಂಡು ಹೋದರೆ ಕೆರಿಯಮ್ಮ ಕೋಲೂರಿಕೊಂಡು ದಿಬ್ಬದ ಬುಡದ ಗದ್ದೆಬದುವಿನ ಮೇಲೆ ನಿಂತಿದ್ದಳು. ಯಾರು ಏನು ಹೇಳಿದರೂ ತಾನೇ ನೋಡದೆ ನಂಬುವವಳಲ್ಲ. ಮೆಲ್ಲಗೆ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಇಟ್ಟಳು. ಕಣ್ಣು ಮುಚ್ಚಿ ಚಪ್ಪರಿಸಿದಳು.

“ಸಪ್ಪೆ,” ಎಂದಳು ಅಜ್ಜಿ.